ಏಣಿಯ ಕೆಳಗಿನ ಅಟ್ಟದಣ್ಣ

ಅವರನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ, ಬೆಳಿಗ್ಗೆ ಏಳೂಕಾಲಿಗೆ. ಕಟ್ಟಡ ಏಳುತ್ತಿದ್ದ ಆ ಜಾಗದ ಪ್ರಥಮ ಚಿಕಿತ್ಸೆಯ ಕೊಠಡಿಗೆ ನರ್ಸ್ ಆಗಿ ಸೇರಿ ನನಗೆ ಅಂದಿಗೆ ನಾಲ್ಕನೇ ದಿನ. ತಗಡಿನ ಗೋಡೆ, ಒಂದು ಮಂಚ, ಒಂದು ಬೆಂಚು, ಮೇಜಿನ ಮೇಲೆ ಬಿಪಿ ಯಂತ್ರ. ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಐವತ್ತು ದಾಟಿದ ತೆಳ್ಳಗಿನ ಒಬ್ಬರು ಬಲಗಾಲು ಎಳೆಯುತ್ತ ಬಂದರು. ಅವರ ತೋಳು ಹಿಡಿದಿದ್ದವನ ಎದೆಯ ಮೇಲೆ ರೇಡಿಯೊ ನೇತಾಡುತ್ತಿತ್ತು.

"ಸಿಸ್ಟರ್, ಇವರು ನಮ್ಮ ಭಾವ. ಏಣಿ ಮಧ್ಯದಲ್ಲಿ ಕಾಲು ಹಿಡ್ಕೊಂಡು ನಿಂತ್ಬಿಟ್ಟಿದ್ರು. ಮೇಲೂ ಹೋಗ್ತಿಲ್ಲ, ಕೆಳಗೂ ಬರ್ತಿಲ್ಲ."

"ನಿಮ್ಮಕ್ಕನ್ನ ಕಟ್ಕೊಂಡಾಗಿಂದ ನನ್ನ ಸ್ಥಿತಿ ಅದೇ ಅಲ್ವೇನೋ" ಎಂದರು ಅವರು, ನೋವಿನಲ್ಲೂ.

ಅವರು ಆ ಜಾಗದ ದೊಡ್ಡ ಕ್ರೇನಿನ ಆಪರೇಟರ್. ಹದಿನಾಲ್ಕು ಮಹಡಿಗಿಂತ ಎತ್ತರದ ಗಾಜಿನ ಗೂಡಿನಲ್ಲಿ ದಿನವಿಡೀ ಒಬ್ಬರೇ ಕೂರುತ್ತಿದ್ದರಿಂದ ಎಲ್ಲರೂ ಅವರನ್ನು ಅಟ್ಟದಣ್ಣ ಎನ್ನುತ್ತಿದ್ದರು. ಭಾವಮೈದುನ ನೆಲದ ಮೇಲೆ ನಿಂತು, ಎತ್ತು, ಇಳಿಸು, ಎಡಕ್ಕೆ ಎಂದು ರೇಡಿಯೊದಲ್ಲಿ ಹೇಳುವವನು.

"ಒಂದು ನೋವಿನ ಮಾತ್ರೆ ಕೊಡಿ ತಾಯಿ, ಹತ್ಬಿಡ್ತೀನಿ" ಎಂದರು.

ಮೀನಖಂಡ ಮುಟ್ಟಿ ನೋಡಿದೆ. ಹೊಸೆದ ಹಗ್ಗದಂತೆ ಗಂಟು ಕಟ್ಟಿತ್ತು. ಮಾತ್ರೆ ಕೊಡುವ ಮೊದಲು ಬಿಪಿ ನೋಡಿದೆ. ಕೂತಾಗ ನೂರೈವತ್ತು ದಾಟಿತ್ತು. ಎದ್ದು ನಿಲ್ಲಿಸಿ ನೋಡಿದರೆ ಒಮ್ಮೆಲೇ ನೂರಿಪ್ಪತ್ತಕ್ಕಿಂತ ಕೆಳಗೆ ಜಾರಿತು. ಅವರು ಮೇಜಿನ ಅಂಚು ಹಿಡಿದುಕೊಂಡರು.

"ಬಿಪಿಗೆ ಏನಾದ್ರೂ ತಗೋತೀರಾ?"

ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆಗಳೂ ಡಾಕ್ಟರ ಚೀಟಿಯೂ ಬಂದವು. ಅದು ಮೂತ್ರದ ಮೂಲಕ ಮೈಯ ಹೆಚ್ಚಿನ ಉಪ್ಪು, ನೀರು ಹೊರಹಾಕಿ ಒತ್ತಡ ಇಳಿಸುವ ಮಾತ್ರೆ. ಜನ ನೀರಿನ ಮಾತ್ರೆ ಎನ್ನುತ್ತಾರೆ. ದಿನಕ್ಕೊಂದು, ಬೆಳಿಗ್ಗೆ ಎಂದು ಬರೆದಿತ್ತು. ಚೀಟಿ ಐದು ವಾರ ಹಳೆಯದು. ಮೂವತ್ತು ಮಾತ್ರೆಗಳಲ್ಲಿ ಇನ್ನೂ ಹದಿನೈದು ಉಳಿದಿದ್ದವು.

"ಭಾನುವಾರ ಮೂರು ಒಟ್ಟಿಗೆ ನುಂಗ್ತಾರೆ" ಎಂದ ಭಾವಮೈದುನ. "ಅವತ್ತು ನಮ್ಮಕ್ಕನಿಗೆ ಬಚ್ಚಲ ಬಾಗಿಲೇ ಸಿಗಲ್ಲ."

"ಸುಮ್ನಿರೋ" ಎಂದು ಗದರಿ ನನ್ನ ಕಡೆ ತಿರುಗಿದರು. "ಮೇಲೆ ಕಕ್ಕಸು ಎಲ್ಲಿದೆ ತಾಯಿ? ಇಳಿಯೋಕೆ ಹತ್ತು ನಿಮಿಷ, ಹತ್ತೋಕೆ ಇಪ್ಪತ್ತು. ಅಷ್ಟೊತ್ತು ಕೆಳಗಿರೋರೆಲ್ಲ ಕೈ ಕಟ್ಕೊಂಡು ಕೂರ್ಬೇಕು. ಕೆಲಸದ ದಿನ ನಾನು ನೀರೂ ಕುಡಿಯಲ್ಲ."

ಅಂದರೆ ಆರು ದಿನ ಒತ್ತಡ ಏರಿಯೇ ಇರುತ್ತಿತ್ತು. ಏಳನೆಯ ದಿನ ಮೂರು ಮಾತ್ರೆ ಸೇರಿ ಮೈಯನ್ನು ಹಿಂಡಿಹಾಕುತ್ತಿದ್ದವು. ಸೋಮವಾರ ಅದೇ ಮೈ ಏಣಿ ಹತ್ತುತ್ತಿತ್ತು. ಆ ಸ್ಥಿತಿಯಲ್ಲಿ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಇನ್ನಷ್ಟು ಭಾರ. ನಾನು ಕೊಡಲಿಲ್ಲ. ಮಂಚದ ಮೇಲೆ ಮಲಗಿಸಿ, ತಲೆ ಸುತ್ತಿದವರ ವಿವರ ಬರೆಯುವ ಪುಸ್ತಕ ತೆರೆದೆ. ಅದರಲ್ಲಿ ಹೆಸರು ಬಂದವರು ಆರು ತಿಂಗಳು ತೊಂದರೆಯಿಲ್ಲದೆ ಕಳೆದ ಮೇಲೆ ಮಾತ್ರ ಮತ್ತೆ ಎತ್ತರಕ್ಕೆ ಹತ್ತಬಹುದು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಬರೀಬೇಡಿ" ಎಂದರು ಮೆಲ್ಲಗೆ. "ಹನ್ನೊಂದು ಕಟ್ಟಡಕ್ಕೆ ಕೊನೇ ತೊಲೆ ನಾನೇ ಇಟ್ಟಿದ್ದೀನಿ. ಇದಕ್ಕೆ ಇನ್ನು ಐದೇ ತಿಂಗಳ ಕೆಲಸ. ಇದೇ ನನ್ನ ಕಡೇ ಏಣಿ. ಇದೊಂದನ್ನ ಇಟ್ಟು ಇಳಿದ್ಬಿಡ್ತೀನಿ."

ಭಾವಮೈದುನ ನೆಲ ನೋಡುತ್ತಿದ್ದ. ನಾನು ಬರೆದೆ.

ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ, ಸ್ನಾಯುಗಳಿಗೆ ಬೇಕಾದ ಪೊಟ್ಯಾಸಿಯಂ ತೀರಾ ಕಡಿಮೆ ಇತ್ತು. ಆ ಚೀಟಿ ಬರೆದಿದ್ದ ಡಾಕ್ಟರಮ್ಮ ಗದರಲಿಲ್ಲ. "ನಿಮ್ಮ ಕೆಲಸ ಏನು ಅಂತ ನಾನೂ ಕೇಳಬೇಕಿತ್ತು" ಎಂದರು. ಎರಡು ದಿನ ಅಲ್ಲೇ ಇರಿಸಿಕೊಂಡು, ಆಮೇಲೆ ಮಾತ್ರೆಯ ಪ್ರಮಾಣ ಇಳಿಸಿದರು. "ಎದ್ದ ತಕ್ಷಣ ಒಂದೇ ಒಂದು. ಮೊದಲ ಕೆಲವು ವಾರ ಓಡಾಟ ಜಾಸ್ತಿ, ಆಮೇಲೆ ತುಂಬ ಜನಕ್ಕೆ ಕಡಿಮೆ ಆಗುತ್ತೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗೋ ಹಾಗಿಲ್ಲ. ಬಾಯಾರಿದಾಗ ನೀರು ಕುಡೀರಿ. ವಾಂತಿ, ಭೇದಿ ಶುರುವಾದ್ರೆ ಮಾತ್ರೆಗೆ ಮುಂಚೆ ನನಗೆ ಫೋನ್ ಮಾಡಿ. ಹಾಸಿಗೆಯಿಂದ ಒಮ್ಮೆಲೇ ಏಳಬೇಡಿ." ಎರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆಗೆ ಬರಲು ಹೇಳಿದರು.

ಮೇಲಿನ ಗೂಡಿಗೆ ಬೇರೊಬ್ಬ ಆಪರೇಟರ್ ಬಂದ. ಇವರನ್ನು ಉಗ್ರಾಣಕ್ಕೆ ಹಾಕಿದರು. ಹೆಲ್ಮೆಟ್, ಕೈಗವಸು ಎಣಿಸಿ ಕೊಡುವ ಕೆಲಸ. ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಬಿಪಿ ತೋರಿಸಲು ಬಂದು ಬೆಂಚಿನ ಮೇಲೆ ಕೂತು ಅಂಗಿಯ ತೋಳು ಮಡಚಿದರು. ಅಲ್ಲಿಂದ ಮುಂದೆ ದಿನವೂ ಬಂದರು. ಬಿಪಿ ನೋಡಿದ ಮೇಲೂ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು.

"ಆ ಎರಡು ಕಟ್ಟಡದ ನಡುವೆ ಖಾಲಿ ಕಾಣ್ತದಲ್ಲ" ಎಂದು ಒಮ್ಮೆ ಬೆರಳು ತೋರಿಸಿದರು. "ಅಲ್ಲಿ ಎರಡು ವರ್ಷ ಕೂತಿದ್ದೆ. ಕಟ್ಟಡ ಮುಗಿದ್ರೆ ಒಳಗೆ ಸಂಸಾರ ಮಾಡೋರು ಬರ್ತಾರೆ. ಕ್ರೇನ್ ಬಿಚ್ಚಿದ್ರೆ ನಾನು ಕೂತಿದ್ದ ಜಾಗ ಬರೀ ಗಾಳಿ. ಹಳೇ ಬಾಡಿಗೆ ಮನೆನಾದ್ರೂ ಹೋಗಿ ಹೊರಗಿಂದ ನೋಡ್ಬಹುದು. ಇದನ್ನ ಏನಂತ ನೋಡೋದು?"

ನಾನು ಅಂದಿನ ಬಿಪಿಯನ್ನು ಅವರ ಹಾಳೆಯಲ್ಲಿ ಬರೆದು ಕೊಟ್ಟೆ.

ನಾಲ್ಕನೇ ತಿಂಗಳಿಗೆ ಒತ್ತಡ ಹಿಡಿತಕ್ಕೆ ಬಂದಿತ್ತು, ರಕ್ತವೂ ಸರಿಯಾಗಿತ್ತು. ಆ ಹಾಳೆಗಳನ್ನೆಲ್ಲ ಜೋಡಿಸಿಕೊಂಡು, ಮತ್ತೆ ಹತ್ತಲು ಅನುಮತಿ ಕೇಳಲು ಸುರಕ್ಷತಾ ಎಂಜಿನಿಯರ್ ಹತ್ತಿರ ಹೋದರು. ಹೊರಗೆ ಬಂದಾಗ ಭಾವಮೈದುನ ಮುಖ ನೋಡಿಯೇ ತಿಳಿದುಕೊಂಡ. "ಕೊನೇ ತೊಲೆ ಏರೋ ಹೊತ್ತಿಗೆ ಆರು ತಿಂಗಳಿಗೆ ಒಂದು ತಿಂಗಳು ಸಾಲದಂತೆ" ಎಂದರು ಅಷ್ಟೆ.

ಕೊನೆಯ ತೊಲೆ ಏರಿದ ದಿನ ಎಲ್ಲರೂ ಕೆಲಸ ಬಿಟ್ಟು ಅಂಗಳದಲ್ಲಿ ನಿಂತಿದ್ದರು. ಇವರು ಭಾವಮೈದುನನ ಪಕ್ಕದಲ್ಲಿದ್ದರು. ಎಡಗೈ ಬೆರಳುಗಳು ತಮ್ಮಷ್ಟಕ್ಕೆ ಸಣ್ಣಗೆ ಆಡುತ್ತಿದ್ದವು, ಕ್ರೇನಿನ ಲಿವರ್ ಹಿಡಿದ ಹಾಗೆ. ತೊಲೆ ಅರ್ಧ ಆಕಾಶದಲ್ಲಿದ್ದಾಗ ಭಾವಮೈದುನ ರೇಡಿಯೊ ಅವರ ಕಡೆ ಚಾಚಿದ.

"ಭಾವ, ಇನ್ನುಳಿದದ್ದು ನೀವೇ ಹೇಳಿ ಇಡಿಸಿ."

ಅವರು ಕೈಯನ್ನು ಅರ್ಧ ಮುಂದೆ ತಂದು ಹಿಂದಕ್ಕೆ ಎಳೆದುಕೊಂಡರು.

"ಬೇಡ. ಮೇಲಿರೋನಿಗೆ ಒಂದೇ ದನಿ ಕೇಳ್ಬೇಕು. ನಡುವೆ ದನಿ ಬದಲಾದ್ರೆ ಕೈ ಗಲಿಬಿಲಿ ಆಗುತ್ತೆ. ನೀನೇ ಹೇಳು, ಅವನ್ನ ಕಾಯಿಸಬೇಡ."

ತೊಲೆ ತನ್ನ ಜಾಗದಲ್ಲಿ ಕೂತಿತು. ಜನ ಚಪ್ಪಾಳೆ ತಟ್ಟಿದರು. ಇವರು ಮಾತ್ರ ತೊಲೆಯನ್ನು ನೋಡುತ್ತಿರಲಿಲ್ಲ, ಅದರ ಪಕ್ಕದ ಗಾಜಿನ ಗೂಡನ್ನು ನೋಡುತ್ತಿದ್ದರು. ಮುಂದಿನ ವಾರ ಅದನ್ನೂ ಬಿಚ್ಚಿ ಲಾರಿಗೆ ಹೇರಿದರು.

ಈಗ ಅವರು ಇನ್ನೊಂದು ಕಡೆ ಲಾರಿಯ ಮೇಲಿನ ಸಣ್ಣ ಕ್ರೇನ್ ನಡೆಸುತ್ತಾರೆ. ಅದರ ಸೀಟು ನೆಲದಿಂದ ಎರಡೇ ಮೆಟ್ಟಿಲು ಮೇಲಿದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಡಾಕ್ಟರಮ್ಮ ಹೇಳಿದ ದಿನ ತಪ್ಪದೆ ರಕ್ತ ಪರೀಕ್ಷೆ ಮಾಡಿಸುತ್ತಾರೆ.