ನಾನು ಸೋತ ವಾರ್ಡು

ನಮ್ಮ ವಾರ್ಡು ಮಹಿಳೆಯರಿಗೆ ಮೀಸಲು ಎಂಬ ಪಟ್ಟಿ ಹೊರಬಿದ್ದ ದಿನ ನಮ್ಮೆಜಮಾನರು ಊಟದ ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಎರಡು ವರ್ಷದಿಂದ ಜೀವನ್ ಬಿಮಾ ನಗರದಲ್ಲಿ ಗಣೇಶನ ಪೆಂಡಾಲು, ಕಣ್ಣಿನ ಶಿಬಿರ, ಯಾರದೋ ಮನೆಯ ಸಾವು, ಎಲ್ಲದಕ್ಕೂ ಮುಂದೆ ನಿಂತು ಕಾರ್ಪೊರೇಟರ್ ಆಗುವ ತಯಾರಿ ನಡೆಸಿದ್ದರು. ಸಾರು ಕಲಸುವ ಮೊದಲೇ ತಲೆ ಎತ್ತಿ, "ಹಾಗಾದ್ರೆ ನೀನೇ ನಿಂತ್ಕೊ" ಎಂದರು.

"ನಾನ್ ನಿಂತು ಏನ್ ಮಾಡ್ಲಿ ರೀ?"

"ಏನೂ ಮಾಡ್ಬೇಡ. ಸೈನ್ ಹಾಕು ಸಾಕು. ಮಿಕ್ಕಿದ್ದು ನಾನ್ ನೋಡ್ಕೊತೀನಿ."

ನೋಡಿಕೊಳ್ಳಲು ಫ್ಯಾಕ್ಟರಿ ಕೆಲಸವನ್ನೇ ಬಿಡುವುದೆಂದಾಯಿತು. ಸ್ವಯಂ ನಿವೃತ್ತಿಯ ಅರ್ಜಿ ಬರೆದು, ಫಲಿತಾಂಶದ ಮರುದಿನ ಕೊಡಲೆಂದು ಬೀರುವಿನಲ್ಲಿಟ್ಟರು. ಅವರ ಹಿಂಬಾಲಕರಿಗೆ ಕಾಫಿ ಸೋಸುತ್ತಾ, ಅವರು ಬೆರಳಿಟ್ಟಲ್ಲಿ ಸಹಿ ಹಾಕುತ್ತಾ ಐದು ವರ್ಷ ಕಳೆಯಬೇಕಲ್ಲ ಎಂಬುದು ನನ್ನ ಎದೆ ಮೇಲೆ ಕೂತಿತ್ತು.

ಕರಪತ್ರದಲ್ಲಿ ಅಂಗೈ ಅಗಲದ ಫೋಟೋ ಅವರದು, ಕೈಮುಗಿದು ನಗುತ್ತಿದ್ದರು. ನಾನು ಕೆಳಗಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ನನ್ನ ಹೆಸರಿಗಿಂತ 'ಇವರ ಧರ್ಮಪತ್ನಿ' ಎಂಬುದೇ ದಪ್ಪಕ್ಷರದಲ್ಲಿತ್ತು.

ಮತದಾನದ ಸಂಜೆ ಹೂವಿನ ಅಂಗಡಿಯಾಕೆ ಬಂದಳು. "ಏನಮ್ಮಾ, ಮಿಷಿನ್ನಲ್ಲಿ ನಿಮ್ ಯಜಮಾನ್ರ ಹೆಸ್ರೇ ಇಲ್ವಲ್ಲ! ಮೇಲಿಂದ ಕೆಳಗಿನವರ್ಗೂ ನೋಡ್ದೆ. ಬೇಗ ಬೇಗ ಅಂದ್ರು, ಯಾವ್ದೋ ಒಂದು ಒತ್ತಿ ಬಂದ್ಬಿಟ್ಟೆ."

"ನಿಂತಿದ್ದು ನಾನಲ್ವೇನಮ್ಮಾ?"

"ನೀವಾ?" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಹಾಗೆ ಹುಡುಕಿದವಳು ಅವಳೊಬ್ಬಳೇ ಅಲ್ಲ. ಸೋತೆವು. ಯಜಮಾನರು ಎರಡು ದಿನ ಮನೆ ಬಿಟ್ಟು ಹೊರಡಲಿಲ್ಲ. ಮೂರನೆಯ ಬೆಳಿಗ್ಗೆ ತಾವೇ ಬೀರು ತೆಗೆದು, ಅರ್ಜಿ ಹರಿದು, "ಡಬ್ಬಿಗೆ ಏನು?" ಎಂದರು. ಚಿತ್ರಾನ್ನ ಎಂದೆ. ಫ್ಯಾಕ್ಟರಿ ಬಸ್ಸು ತಿರುವು ದಾಟಿದ ಮೇಲೆ ಒಳಗೆ ಬಂದು, ಮಿಕ್ಕಿದ್ದನ್ನು ಬಾಣಲೆಯಿಂದಲೇ ತಿಂದೆ. ನನಗೆ ಅಷ್ಟು ಹಸಿವಾಗಿ ತಿಂಗಳ ಮೇಲಾಗಿತ್ತು.

ಗೆದ್ದವರೂ ಗಂಡನ ಬದಲಿಗೆ ನಿಂತವರೇ. ಮರುವರ್ಷ ನಮ್ಮ ಬೀದಿಯ ನಲ್ಲಿಯಲ್ಲಿ ಚರಂಡಿ ನೀರು ಬೆರೆತಾಗ ಐದು ಜನ ಹೆಂಗಸರು ಅವರ ಮನೆಗೆ ಹೋದೆವು. ನಡುಮನೆಯಲ್ಲಿ ಆಕೆಯ ಗಂಡ ಕೂತು ನಮ್ಮ ಅಹವಾಲು ಕೇಳಿದರು; ಕಾರ್ಪೊರೇಟರಮ್ಮ ಕಾಫಿ ತಂದರು. ಲೋಟ ಇಡಲು ಅಡುಗೆಮನೆಗೆ ಹೋದ ನನ್ನನ್ನು ಆಕೆ ನಿಲ್ಲಿಸಿಕೊಂಡರು.

"ಪುಣ್ಯವಂತೆ ಕಣ್ರೀ ನೀವು, ಸೋತ್ರಿ. ನಂಗೆ ಪೆನ್ನೂ ಅವ್ರೇ ಕೊಡೋದು." ನಕ್ಕರು. ನನಗೆ ನಗು ಬರಲಿಲ್ಲ. "ಇಲ್ಲಿ ಕಾಯ್ಬೇಡಿ. ನೀರಿನ ಆಫೀಸಿಗೆ ನೇರ ಹೋಗಿ, ಹತ್ತು ಗಂಟೆಗೆ ಎಂಜಿನಿಯರ್ ಸಿಗ್ತಾರೆ."

ಮರುದಿನ ಅರ್ಜಿಯನ್ನು ನಾನೇ ಬರೆದು ಒಯ್ದೆ. ಎಂಜಿನಿಯರ್ ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಯಜಮಾನ್ರು ಬಂದಿಲ್ವಾ?" ಎಂದರು.

"ಡ್ಯೂಟಿಗೆ ಹೋಗಿದಾರೆ ಸಾರ್. ನನ್ ಹತ್ರಾನೇ ಹೇಳಿ."

ಪೈಪು ಬದಲಾಗಲು ಹತ್ತು ಸಲ ಓಡಾಡಿದೆ. ಬದಲಾಯಿತು. ಆಮೇಲೆ ಬೀದಿದೀಪ, ಆಮೇಲೆ ಯಾರದೋ ವಿಧವಾ ವೇತನ.

ಆ ಕೌನ್ಸಿಲಿನ ಅವಧಿ ಮುಗಿದು ವರ್ಷಗಳಾದವು. ಯಜಮಾನರು ವಯಸ್ಸಿಗೆ ಸರಿಯಾಗಿ ನಿವೃತ್ತರಾದರು. ಬೆಳಿಗ್ಗೆ ಅಹವಾಲು ಹಿಡಿದು ಬಂದವರಿಗೆ ಬಾಗಿಲು ತೆಗೆಯುವುದು ಈಗ ಅವರೇ.

"ಏನಾಗ್ಬೇಕಿತ್ತು, ಹೇಳಿ?"

"ನಿಮಗ್ಯಾಕೆ ತೊಂದ್ರೆ ಸಾರ್, ಅಮ್ಮನ್ನ ಕರೀರಿ."

ಅವರು ಒಳಗೆ ತಿರುಗಿ, "ನಿನ್ನೇ ಕೇಳ್ತಿದಾರೆ, ಬಾರೇ" ಎಂದು ಕೂಗಿ, ಒಲೆ ಮೇಲಿನ ಹಾಲು ನೋಡಿಕೊಳ್ಳಲು ಹೋಗುತ್ತಾರೆ.