ಮೊದಲ ಪ್ಯಾರಾದಲ್ಲಿ ಮಗಳೇ ಇಲ್ಲ

ಇವತ್ತು ದೆಹಲಿಯ ಮಯೂರ್ ವಿಹಾರದ ನಮ್ಮ ಮನೆಯಲ್ಲಿ ಬೆಳಿಗ್ಗೆಯೇ ಜಗಳ ಕಣ್ರಪ್ಪ.

ಮಗಳು ಕಾಲೇಜಿನ ಅರ್ಜಿ ಜೊತೆ ತನ್ನ ಬಗ್ಗೆ ಒಂದು ಪ್ರಬಂಧ ಕಳಿಸಬೇಕು. ನಾಳೆಯೇ ಕೊನೇ ದಿನ. ಆರಂಭವೇ ಹೊಳೀತಿಲ್ಲ ಅಂತ ಖಾಲಿ ಹಾಳೆಯನ್ನ ಅಪ್ಪನ ಕೈಗೆ ಕೊಟ್ಟಳು. ನಮ್ಮ ಯಜಮಾನರು ಕೇಂದ್ರ ಸರ್ಕಾರದಲ್ಲಿ ಅಂಡರ್ ಸೆಕ್ರೆಟರಿ, ಫೈಲಿಗೆ ಟಿಪ್ಪಣಿ ಬರೆದೇ ತಲೆ ನರೆತಿದೆ. ಪೆನ್ನು ತೆಗೆದವರೇ ಅಜ್ಜನ ಧಾರವಾಡದ ನೌಕರಿಯಿಂದ ಶುರು ಮಾಡಿ, ತಮ್ಮ ದೆಹಲಿ ವರ್ಗಾವಣೆವರೆಗೂ ಬಂದರು.

ಮಗಳು ಓದಿ, "ಪಪ್ಪಾ, ಇದರಲ್ಲಿ ಮೈಂ ಕಹಾಂ ಹೂಂ? ನಾನೆಲ್ಲಿದ್ದೀನಿ?" ಅಂದಳು.

"ಕೊನೇ ಪ್ಯಾರಾದಲ್ಲಿ ಬರ್ತೀಯಮ್ಮ. ಹಿನ್ನೆಲೆ ಇಲ್ಲದೆ ಫೈಲು ಮೇಲಕ್ಕೆ ಹೋಗಲ್ಲ."

"ಅಷ್ಟರಲ್ಲಿ ಓದೋರು ಸೋ ಜಾಯೇಂಗೆ, ನಿದ್ದೆನೇ ಹೋಗಿರ್ತಾರೆ!"

ರೂಮಿನ ಬಾಗಿಲು ಧಡಾರ್ ಅಂತು. ಊಟದ ಹೊತ್ತಿಗೆ ಹೊಸ ಹಾಳೆ ತಂದು ಅಪ್ಪನ ಮುಂದಿಟ್ಟಳು. ಇಂಗ್ಲಿಷಿನಲ್ಲಿ ಬರೆದದ್ದರ ಸಾರಾಂಶ ಇಷ್ಟು: "ನಮ್ಮ ಮನೆಯಲ್ಲಿ ಹಿನ್ನೆಲೆ ಇಲ್ಲದೆ ಏನೂ ಶುರುವಾಗುವುದಿಲ್ಲ. ಬೆಂಡೆಕಾಯಿ ತರಲು ಹೊರಟರೂ ಅಪ್ಪ ಹೋದ ವಾರದ ಬೆಂಡೆಕಾಯಿಯಿಂದ ಆರಂಭಿಸುತ್ತಾರೆ. ನನಗೆ ಮಾತ್ರ ಎಲ್ಲದಕ್ಕೂ ಅವಸರ."

ಇವರು ಎರಡು ಸಲ ಓದಿದರು. ಪೆನ್ನಿಗೆ ಕೈ ಹಾಕಿದರು. ಆದರೆ ಒಂದಕ್ಷರ ತಿದ್ದಲಿಲ್ಲ. ಕೆಳಗೆ ಇನಿಷಿಯಲ್ ಹಾಕಿ, ತಾರೀಖು ಬರೆದು, ಊಟಕ್ಕೆ ಕೂತರು.

ಹೀಗೆ ಅವಳದು ಒಂದೇ ದಿನದಲ್ಲಿ ಮಂಜೂರಾಯಿತು. ಬಾಲ್ಕನಿಗೆ ಪಾರಿವಾಳ ಬರದ ಹಾಗೆ ಬಲೆ ಹಾಕಿಸಿ ಅನ್ನೋ ನನ್ನ ಮನವಿ ಮಾತ್ರ ಮದುವೆಯಾದಾಗಿನಿಂದ ಹಿನ್ನೆಲೆಯಲ್ಲೇ ಇದೆ.