ಕುಣಿಯುವ ಅಂಕಿ

ನಾನು ಚಾಮರಾಜನಗರದ ಒಂದು ತಾಂತ್ರಿಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಗುಂಡ್ಲುಪೇಟೆಯಿಂದ ದಿನವೂ ಅದೇ ಬಸ್ಸು, ಅದೇ ಕಿಟಕಿ. ಆ ಸೀಟಿನಲ್ಲಿ ಬೇರೆಯವರು ಕುಳಿತಿದ್ದರೆ, ಬಸ್ಸೆಲ್ಲ ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದೆ. ಇದನ್ನು ನಾನು ಶಿಸ್ತು ಅನ್ನುತ್ತಿದ್ದೆ. ಕಂಡಕ್ಟರ್ ಏನನ್ನುತ್ತಿದ್ದನೋ ನನ್ನ ಕಿವಿಗೆ ಬೀಳಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಮಾಗಿಯ ಕಾಲ. ಭೀಮನಬೀಡಿನಲ್ಲಿದ್ದ ನನ್ನ ಅಕ್ಕ ರೇಷ್ಮೆ ಹುಳು ಸಾಕಿದ್ದಳು. ಹಿಂದಿನ ಬೆಳೆ ಚಳಿಗೆ ಸಿಕ್ಕಿ ಕೈಕೊಟ್ಟಿತ್ತು. ಈ ಸಲವೂ ಹೋದರೆ ಹಿಪ್ಪುನೇರಳೆ ಕಿತ್ತೆಸೆಯುವುದೇ ಸರಿ ಎಂದು ಭಾವ ಹೇಳಿಬಿಟ್ಟಿದ್ದರು. ಹುಳುಮನೆಯನ್ನು ಇದ್ದಿಲ ಒಲೆಯಿಂದ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿಡಬೇಕು, ಆದರೆ ಬಿಸಿ ಹೆಚ್ಚಾಗಲೂ ಬಾರದು. ದೂರದಿಂದಲೇ ಕಾಣುವಂತೆ ಕೆಂಪು ಅಂಕಿಯಲ್ಲಿ ಶಾಖ ತೋರಿಸುವ ಡಬ್ಬಿ ಮಾಡಿಕೊಡುತ್ತೇನೆಂದು ನಾನು ಮುಂದೆ ಬಂದೆ.

ಡಬ್ಬಿಯೊಳಗೆ ಮೈಕ್ರೊಕಂಟ್ರೋಲರ್ ಎಂಬ ಒಂದು ಚಿಪ್ಪು, ಶಾಖ ಏರಿದಂತೆ ವೋಲ್ಟೇಜ್ ಏರಿಸುವ ಒಂದು ಸೆನ್ಸರ್. ವೋಲ್ಟೇಜ್ ಸದ್ದಿಲ್ಲದೆ ಜಾರುತ್ತ ಬದಲಾಗುವಂಥದು. ಚಿಪ್ಪಿಗೆ ಬೇಕಾದದ್ದು ಅಂಕಿ. ಅದಕ್ಕಾಗಿ ಚಿಪ್ಪಿನ ಒಂದು ಭಾಗ ತಕ್ಕಡಿ ಹಿಡಿಯುತ್ತದೆ. ಬಂದ ವೋಲ್ಟೇಜನ್ನು ಒಂದು ಕ್ಷಣ ಹಿಡಿದಿಟ್ಟು, ಎದುರಿಗೆ ಮೊದಲು ಅತಿ ದೊಡ್ಡ ತೂಕದ ಕಲ್ಲು ಹಾಕುತ್ತದೆ. ಹೆಚ್ಚಾದರೆ ತೆಗೆ, ಕಡಿಮೆಯಾದರೆ ಇರಲಿ. ಆಮೇಲೆ ಅದರರ್ಧದ ಕಲ್ಲು, ಮತ್ತೆ ಅದರರ್ಧದ್ದು. ಕೊನೆಯ ಸಣ್ಣ ಕಲ್ಲೂ ಮುಗಿದಾಗ ತಕ್ಕಡಿಯಲ್ಲಿ ಉಳಿದವುಗಳ ಮೊತ್ತವೇ ಅಂಕಿ. ಅದಕ್ಕಿಂತ ಸಣ್ಣ ಕಲ್ಲು ಅದರ ಬಳಿ ಇಲ್ಲ. ಹಾಗಾಗಿ ವೋಲ್ಟೇಜ್ ಎರಡು ಅಂಕಿಗಳ ಗಡಿಯಲ್ಲಿ ನಿಂತರೆ, ಕೂದಲೆಳೆಯಷ್ಟು ಅಲುಗಿದರೂ ಉತ್ತರ ಒಮ್ಮೆ ಇತ್ತ, ಒಮ್ಮೆ ಅತ್ತ. ಅದು ಸಹಜ. ತರಗತಿಯಲ್ಲಿ ಹಾಗೆಂದು ಹೇಳಿಕೊಟ್ಟವನು ನಾನೇ.

ಆದರೆ ಅಕ್ಕನ ಹುಳುಮನೆಯ ಗೋಡೆಯಲ್ಲಿ ಅದು ಇಪ್ಪತ್ತನಾಲ್ಕು, ಇಪ್ಪತ್ತೈದು, ಮತ್ತೆ ಇಪ್ಪತ್ತನಾಲ್ಕು ಎಂದು ಕುಣಿಯತೊಡಗಿದಾಗ ನನಗೆ ಮೈಯೆಲ್ಲ ಉರಿಯಿತು. ಶಾಲೆಯ ಕವಾಯತಿನ ಸಾಲಿನಲ್ಲಿ ಅಲುಗಾಡುವ ಹುಡುಗನನ್ನು ಕಂಡ ಹಾಗಾಯಿತು.

"ಕುಣುದ್ರೆ ಕುಣೀಲಿ ಬುಡ್ಲಾ," ಅಂದಳು ಅಕ್ಕ. "ನಾನೇನು ಅದ್ಕೂ ಸೊಪ್ಪು ಆಕ್ಬೇಕಾ?"

"ನೋಡ್ದೋರು ಏನಂದ್ಕತಾರಕ್ಕ?"

"ಯಾರ್ಲಾ ನೋಡೋರು? ಉಳಗಳಾ?"

ನಾನು ಕೇಳಲಿಲ್ಲ. ಚಿಪ್ಪನ್ನು ಕಿತ್ತು ಶಾಲೆಗೆ ಒಯ್ದು ಹೊಸ ನಿಯಮ ಬರೆದೆ: ಕಾಲು ಗಂಟೆ ಎಡೆಬಿಡದೆ ಒಂದೇ ಉತ್ತರ ಬಂದರೆ ಮಾತ್ರ ಅಂಕಿ ಬದಲಿಸು, ಇಲ್ಲದಿದ್ದರೆ ಹಳೆಯದನ್ನೇ ತೋರಿಸು. ಮರಳಿ ತಂದು ಕೂರಿಸಿದಾಗ ಅಂಕಿ ಕಲ್ಲಿನಂತೆ ನಿಂತಿತು. ಎದುರಿಗೆ ನಾನೂ ಕೈ ಹಿಂದೆ ಕಟ್ಟಿಕೊಂಡು ಅಷ್ಟೇ ನೆಟ್ಟಗೆ ನಿಂತೆ.

ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕನ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅಕ್ಕ ಹುಳುಮನೆಯಿಂದ ಮುಖ ಒರೆಸಿಕೊಳ್ಳುತ್ತ ಹೊರಬಂದಳು.

"ಒಳ್ಗೆ ನಿಲ್ಲಾಕಾಯ್ತಿಲ್ಲ ಕಣ್ಲಾ, ಬೇಯ್ತದೆ. ಉಳ ಸೊಪ್ಪು ಮುಟ್ತಿಲ್ಲ."

ನಾನು ಲೋಟ ಕೆಳಗಿಡದೆ ಕೇಳಿದೆ. "ಎಷ್ಟು ತೋರುಸ್ತಾ ಅದೆ?"

"ಇಪ್ಪತ್ತೆರಡು."

"ಅಂಗಾದ್ರೆ ಇಪ್ಪತ್ತೆರಡೇ."

"ಒಳ್ಗೆ ಬಂದು ನಿಂತ್ಕಂಡು ಯೇಳು ಆ ಮಾತ!"

ಹೋದೆ. ಕನ್ನಡಕದ ಮೇಲೆ ಬೆವರಿಳಿಯಿತು, ಅಂಗಿ ಬೆನ್ನಿಗಂಟಿತು. ಗೋಡೆಯ ಮೇಲೆ ಇಪ್ಪತ್ತೆರಡು. ಹೇಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ಅನುಮಾನ ಬಂದದ್ದು ನನ್ನ ಮೈಮೇಲೆ. ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಕೊಂಡೆ. ಆಮೇಲೆ ತಲೆಗೆ ಹೊಳೆಯಿತು. ಬೆಳಿಗ್ಗೆಯಿಂದ ಶಾಖ ಏರುತ್ತಲೇ ಇದೆ. ಏರುವಾಗ, ಗಡಿಗಡಿಯಲ್ಲೂ ಕುಣಿಯುವ ಉತ್ತರ ಕಾಲು ಗಂಟೆ ಒಂದೇ ಕಡೆ ನಿಲ್ಲುವುದಾದರೂ ಹೇಗೆ? ಡಬ್ಬಿ ನನ್ನ ಅಪ್ಪಣೆಯಂತೆ ಬೆಳಗಿನ ಅಂಕಿಯನ್ನೇ ಹಿಡಿದು ಕೂತಿದೆ. ಅದನ್ನೇ ನಂಬಿ, ಇನ್ನೂ ಚಳಿಯಿದೆ ಎಂದುಕೊಂಡು ಭಾವ ಮತ್ತೆ ಮತ್ತೆ ಇದ್ದಿಲು ಸುರಿದಿದ್ದಾರೆ.

ಭಾವ ಒಲೆಯನ್ನು ಹೊರಗೆಳೆದರು. ಅಕ್ಕ ಕಿಟಕಿ ಬಾಗಿಲು ತೆರೆದು ಒದ್ದೆ ಗೋಣಿತಾಟು ಕಟ್ಟಿದಳು. ನಾನು ನೀರು ಹೊತ್ತೆ. ಅವತ್ತು ನನ್ನಿಂದ ಆದ ಉಪಕಾರ ಅದೊಂದೇ. ಸಂಜೆಯ ಹೊತ್ತಿಗೆ ಹುಳುಗಳು ತಲೆ ಎತ್ತಿ ಸೊಪ್ಪು ಕಡಿಯತೊಡಗಿದವು. ಅಕ್ಕ ಆಗ ಕೂತಳು.

"ಡಬ್ಬಿದೇನೂ ತಪ್ಪಿಲ್ಲ ಕಣ್ಲಾ," ಅಂದಳು. "ಅದ್ನೂ ನಿನ್ನಂಗೇ ಮಾಡಿದೀಯ. ಒಂದ್ಸಲ ಯೇಳುದ್ರೆ ಮುಗೀತು, ಮನೆ ಅತ್ಕಂಡು ಉರುದ್ರೂ ಬದ್ಲಾಯ್ಸಾಕಿಲ್ಲ."

ಭಾವ ನಕ್ಕರು. ಹಿಪ್ಪುನೇರಳೆ ಕೀಳುವ ಮಾತೆತ್ತಲಿಲ್ಲ.

ಮರುದಿನವೇ ಆ ನಿಯಮವನ್ನು ಅಳಿಸಿದೆ. ಅಂಕಿ ಮೊದಲಿನಂತೆ ಕುಣಿಯಿತು, ಹುಳುಗಳು ಬಲಿತು ಹಣ್ಣಾಗಿ, ಚಂದ್ರಿಕೆಯ ಬಿದಿರು ತಟ್ಟೆ ಏರಿ ಗೂಡು ಕಟ್ಟಿದವು. ಮುಂದಿನ ಬೆಳೆಗೂ ಅಕ್ಕ ಅದೇ ಡಬ್ಬಿಯನ್ನು ಇಟ್ಟುಕೊಂಡಳು. ಆದರೆ ನಾನು ಹುಳುಮನೆಗೆ ಕಾಲಿಟ್ಟಾಗಲೆಲ್ಲ, ಮಾತಾಡುತ್ತಲೇ ಬಂದು, ಅಂಕಿ ನನಗೆ ಕಾಣದಂತೆ ಡಬ್ಬಿಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದಳು.